ಹಸಿರು ಮಗ್ಗುಲು, ಬರಡು ಮಗ್ಗುಲು



ದೊಡ್ಡಬಳ್ಳಾಪುರದಿಂದ ಹಿಂದೂಪುರದ ಕಡೆಗೆ ರೈಲಿನಲ್ಲಿ ಹೋದವರು ಮಾಕಳಿದುರ್ಗವನ್ನು ನೋಡಿಯೇ ಇರುತ್ತೀರಿ. ಬಂಡೆಯ ಬೆಟ್ಟ, ನೆತ್ತಿಯಲ್ಲಿ ಹಳೆಯ ಕೋಟೆ, ಬುಡದಲ್ಲಿ ಸಣ್ಣದೊಂದು ನಿಲ್ದಾಣ. ಆ ನಿಲ್ದಾಣದಲ್ಲಿ ನಾನು ಆಡಿದ ಒಂದು ಮಾತಿನ ವಿಷಯ ಹೇಳಬೇಕಾಗಿದೆ.

ಪರಿಚಯದ ಒಬ್ಬ ತಂದೆ ಸಿಕ್ಕಿದ್ದರು. ಮಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲಿ ಫೇಲಾಗಿದ್ದ. "ಅವನ ನಸೀಬಿನಲ್ಲಿ ಓದು ಬರೆದಿಲ್ಲ ಹಜ್ರತ್, ಮಗ್ಗದ ಕೆಲಸಕ್ಕೆ ಹಾಕ್ತೀನಿ" ಎಂದರು. ರೈಲು ಬರುತ್ತಿತ್ತು. ನಾನು "ಅಲ್ಲಾಹನ ಮರ್ಜಿ" ಎಂದು ಹೇಳಿ ಹತ್ತಿಬಿಟ್ಟೆ.

ಜೊತೆಯಲ್ಲಿ ಒಬ್ಬ ಕ್ರೈಸ್ತ ಮಿತ್ರರಿದ್ದರು, ನನ್ನಂತೆಯೇ ಕನ್ನಡ ಬಿ.ಎ. ಓದಿದ ಮೇಷ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಮಾತಿನ ಮೇಲೆ ನಮ್ಮವರು ಸಾವಿರದೈನೂರು ವರ್ಷ ಜಗಳವಾಡಿದ್ದಾರೆ. ನೀವು ಒಂದು ನಿಮಿಷದಲ್ಲಿ ಮುಗಿಸಿಬಿಟ್ಟಿರಲ್ಲ!" ಎಂದರು. ನನಗೆ ನಾಚಿಕೆಯಾಯಿತು. ಆ ಜಗಳವೇನೆಂದು ಆಮೇಲೆ ಓದಿ ತಿಳಿದುಕೊಂಡೆ.

ಐದನೆಯ ಶತಮಾನದ ಆರಂಭ. ಈಗಿನ ಅಲ್ಜೀರಿಯಾದಲ್ಲಿರುವ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ಹೇಳಿದ್ದು ಇಷ್ಟು: ಆದಮನ ಪಾಪದಿಂದ ಮನುಷ್ಯನ ಇಚ್ಛೆಯೇ ಕೆಟ್ಟಿದೆ, ದೇವರ ಕೃಪೆ ಮೊದಲು ಎತ್ತದೆ ಅವನು ಒಳಿತಿನತ್ತ ತಿರುಗಲಾರ. ಬ್ರಿಟನ್ನಿನಿಂದ ಬಂದ ಪೆಲಾಜಿಯಸ್ ಇದನ್ನು ಒಪ್ಪಲಿಲ್ಲ. ಮಾಡಲಾಗದ್ದನ್ನು ದೇವರು ಆಜ್ಞಾಪಿಸುವುದುಂಟೇ ಎಂಬುದು ಅವನ ವಾದ. 418ರಲ್ಲಿ ಕಾರ್ಥೇಜಿನ ಧರ್ಮಸಭೆ ಪೆಲಾಜಿಯಸನ ಬೋಧನೆಯನ್ನು ತಿರಸ್ಕರಿಸಿತು. ಆದರೆ ಪ್ರಶ್ನೆ ಸಾಯಲಿಲ್ಲ. ಹದಿನಾರನೆಯ ಶತಮಾನದಲ್ಲಿ ಜಿನೀವಾದ ಕಾಲ್ವಿನ್ ಅದನ್ನು ತುದಿಗೆ ಒಯ್ದ. ಯಾರಿಗೆ ಮೋಕ್ಷ, ಯಾರಿಗೆ ನಾಶ ಎಂಬುದನ್ನು ಸೃಷ್ಟಿಗೆ ಮುಂಚೆಯೇ ದೇವರು ನಿರ್ಣಯಿಸಿದ್ದಾನೆಂದ. ಹಾಲೆಂಡಿನ ಆರ್ಮಿನಿಯಸ್ ಇದಕ್ಕೆ ತಕರಾರು ತೆಗೆದ. ಅವನು ತೀರಿಕೊಂಡ ಮೇಲೆ ಅವನ ಅನುಯಾಯಿಗಳನ್ನು 1618-19ರ ಡಾರ್ಟ್ ಸಭೆ ಖಂಡಿಸಿತು. ಕ್ಯಾಥೊಲಿಕರು ಅಷ್ಟರಲ್ಲಾಗಲೇ, 1547ರಲ್ಲಿ, ಟ್ರೆಂಟ್ ಸಭೆಯಲ್ಲಿ ತಮ್ಮ ನಿಲುವು ಹೇಳಿದ್ದರು: ಕೃಪೆಯೇ ಮೊದಲು, ಆದರೆ ಅದನ್ನು ಒಪ್ಪುವುದಕ್ಕೂ ನಿರಾಕರಿಸುವುದಕ್ಕೂ ಮನುಷ್ಯನಿಗೆ ಸಾಧ್ಯ.

ಇದೆಲ್ಲ ದೂರದ ಕತೆಯೆಂದುಕೊಳ್ಳಬೇಡಿ. ಹಳೆಯ ಮೈಸೂರು ಸೀಮೆಯಲ್ಲಿ ಶಾಲೆಗಳನ್ನು ಕಟ್ಟಿದ ವೆಸ್ಲಿಯನ್ ಮಿಷನ್ನಿನವರು ಜಾನ್ ವೆಸ್ಲಿಯ ಶಿಷ್ಯಪರಂಪರೆ. ಕೃಪೆ ಎಲ್ಲರಿಗೂ ತೆರೆದಿದೆ, ಸ್ವೀಕರಿಸುವುದು ನಿನ್ನ ಕೈಯಲ್ಲಿದೆ ಎಂದು ಸಾರಿದ ವೆಸ್ಲಿ, ಇದೇ ವಿಷಯಕ್ಕೆ ಆಪ್ತಮಿತ್ರ ವೈಟ್‌ಫೀಲ್ಡನೊಂದಿಗೆ ಮುರಿದುಕೊಂಡವನು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನಲ್ಲಿ ಲೂಥರನ ಕಡೆಯವರೂ ಕಾಲ್ವಿನನ ಕಡೆಯ ಸುಧಾರಿತ ಪಂಥದವರೂ ಕೂಡಿದ್ದರು. (ನಮಗೆ 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಆ ಮಿಷನ್ನಿನವರೇ. ಕನ್ನಡ ಓದಿದ ಯಾರೂ ಆ ಋಣ ಮರೆಯಲಾರರು.) 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ವೆಸ್ಲಿಯ ಮಕ್ಕಳೂ ಕಾಲ್ವಿನನ ವಂಶದವರೂ ಒಂದೇ ಸೂರಿನಡಿ ಬಂದರು. ವಾದ ಮುಗಿಯದೆಯೇ ಜೊತೆಗೆ ಕುಳಿತರು!

ಕಾಲ್ವಿನನ ಕಡೆಯವರಿಗೆ ಅನ್ಯಾಯವಾಗದಂತೆ ಒಂದು ಮಾತು. ಅವರು ಕೈಕಟ್ಟಿ ಕುಳಿತವರಲ್ಲ. ಪಾಪ ಮಾಡುವುದು ಮನುಷ್ಯ ತನ್ನ ಇಷ್ಟದಿಂದಲೇ ಎಂದು ಅವರೂ ಹೇಳುತ್ತಾರೆ. ದುಡಿಮೆಯಲ್ಲಿಯೂ ಅವರು ಯಾರಿಗೂ ಕಡಿಮೆಯಲ್ಲ. ದೇವರು ನಿಮ್ಮೊಳಗೆ ಕೆಲಸ ಮಾಡುತ್ತಾನೆ, ಆದ್ದರಿಂದ ನೀವೂ ಭಯದಿಂದ ಕೆಲಸ ಮಾಡಿರಿ ಎಂಬರ್ಥದ ಮಾತು ಪೌಲನ ಪತ್ರದಲ್ಲಿದೆಯೆಂದು ನನ್ನ ಮಿತ್ರರು ತೋರಿಸಿದರು. ಎಲ್ಲವೂ ನಿರ್ಣಯವಾಗಿದೆ ಎನ್ನುವವನೂ ತನ್ನ ಮಗುವಿಗೆ ಜ್ವರ ಬಂದರೆ ಡಾಕ್ಟರ ಬಳಿಗೆ ಓಡುತ್ತಾನಷ್ಟೆ.

ನಮ್ಮಲ್ಲಿ ಈ ಜಗಳವೇ ಆಗಿಲ್ಲವೆಂದರೆ ಸುಳ್ಳಾದೀತು. ತಖ್ದೀರನ್ನೇ ಅಲ್ಲಗಳೆದ ಖದರಿಯ್ಯಾಗಳಿದ್ದರು. ಮನುಷ್ಯ ಗಾಳಿಯ ತರಗೆಲೆಯೆಂದ ಜಬರಿಯ್ಯಾಗಳಿದ್ದರು. ಮದ್ರಸದಲ್ಲಿ ಇವರಿಬ್ಬರಿಗೂ ಉತ್ತರ ಕೊಡುವುದನ್ನು ನಾನು ಬಾಯಿಪಾಠ ಮಾಡಿದ್ದೆ. ಆದರೂ ರೈಲಿನ ಅವಸರದಲ್ಲಿ ನನ್ನ ಬಾಯಿಂದ ಬಂದದ್ದು ಜಬರಿಯ್ಯಾಗಳ ಮಾತೇ.

ಬಾಯಿಪಾಠಕ್ಕಿಂತ ಹಝ್ರತ್ ಉಮರ್(ರ)ರ ಪ್ರಸಂಗ ನನಗೆ ಹೆಚ್ಚು ಬೆಳಕು ಕೊಟ್ಟಿದೆ. ಹಿಜರಿ 18ರ ಸುಮಾರಿಗೆ ಅವರು ಸಿರಿಯಾದ ಗಡಿಯ ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಪ್ಲೇಗ್ ಹಬ್ಬಿರುವ ಸುದ್ದಿ ಬಂತು. ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದರು. ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರವಾಗಿತ್ತು. ಜೊತೆಗೊಂದು ಉಪಮೆ ಕೊಟ್ಟರು: ಕಣಿವೆಯ ಒಂದು ಮಗ್ಗುಲು ಹಸಿರು, ಇನ್ನೊಂದು ಬರಡು. ನಿಮ್ಮ ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯಂತೆಯೇ ಅಲ್ಲವೇ?

ಮಾಕಳಿದುರ್ಗದ ಬುಡದಲ್ಲಿ ಆಡು ಕಾಯುವವರನ್ನು ಗಮನಿಸಿ. ವಿಧಿಯ ವಾದ ಅವರಿಗೆ ಬೇಕಾಗಿಲ್ಲ. ಒಣಬಂಡೆಯ ಕಡೆಗೆ ಅವರು ಮಂದೆಯನ್ನು ಹೊಡೆಯುವುದಿಲ್ಲ. ಏನು ಬರೆದಿದೆಯೆಂದು ನನಗಾಗಲಿ ಆ ತಂದೆಗಾಗಲಿ ಯಾರು ಓದಿ ಹೇಳಿದ್ದರು? ಸೋಲು ಬಂದ ಮೇಲೆ ಸಬ್ರ್ ಮಾಡಲು ತಖ್ದೀರಿನ ವಿಶ್ವಾಸ ಬೇಕು. ಮುಂದಿನ ಪರೀಕ್ಷೆಗೆ ಕೂರದಿರಲು ಅದೇ ನೆಪವಾದರೆ ನಾವು ಅಲ್ಲಾಹನ ಮೇಲೆ ನಮ್ಮ ಸೋಮಾರಿತನವನ್ನು ಹೊರಿಸಿದಂತಾಗುತ್ತದೆ.

ಮುಂದಿನ ಜುಮಾದ ನಂತರ ಆ ಮನೆಗೆ ಹೋದೆ. ಅಂದು ಹೇಳಿದ್ದು ತಪ್ಪಾಯಿತೆಂದು ಒಪ್ಪಿಕೊಂಡೆ, ಉಮರ್(ರ)ರ ಕತೆ ಹೇಳಿದೆ. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಹುಡುಗ ಬಾಗಿಲ ಮರೆಯಲ್ಲಿ ನಿಂತಿದ್ದ.

"ಹಜ್ರತ್, ಮರುಪರೀಕ್ಷೆಗೆ ಫೀಸು ಕಟ್ಟೋಕೆ ಕಡೇ ದಿನ ಯಾವತ್ತು?" ಎಂದು ತಂದೆ ಕೇಳಿದರು.