ಯಾರಿಗೆ ಸುಲಭ?

ಎರಡು ದಿನ ಮನೆ ಬಿಟ್ಟು, ಬೆನ್ನಿಗೊಂದು ಚೀಲ ಹಾಕಿಕೊಂಡು ಎಲ್ಲಿಗಾದರೂ ನಡೆದು ಬರಬೇಕೆಂಬ ಆಸೆ ನಮಗೆ ಮೂವರಿಗೂ ಒಟ್ಟಿಗೇ ಹುಟ್ಟಿತು. ನಾನು, ನನ್ನ ನಾದಿನಿ, ಮತ್ತು ಶಿಡ್ಲಘಟ್ಟದ ಅಂಚಿನಲ್ಲಿ ರೇಷ್ಮೆ ಹುಳು ಸಾಕುವ ನಮ್ಮ ಪಕ್ಕದ ಮನೆಯಾಕೆ. ಮೂವರೂ ದೇವಸ್ಥಾನದ ಮೆಟ್ಟಿಲು ಬಿಟ್ಟು ಬೇರೇನನ್ನೂ ಹತ್ತಿದವರಲ್ಲ. ಹಾಗಾಗಿ ಮೊದಲ ಮಾತೇ, ‘ಸುಲಭದ ಜಾಗ ನೋಡು’ ಎಂದು.

ಮಗ ಸ್ಕಂದಗಿರಿ ಎಂದ. ಅದು ಕಡಿದಾದ ಬಂಡೆಯ ದಾರಿ. ಅರಣ್ಯ ಇಲಾಖೆಯ ಅನುಮತಿಯನ್ನೂ ಮೊದಲೇ ಪಡೆಯಬೇಕು. ಚಿಂತಾಮಣಿ ಕಡೆಯ ಕೈಲಾಸಗಿರಿ, ಗೌರಿಬಿದನೂರು ಕಡೆಯ ವಿದುರಾಶ್ವತ್ಥ ನೋಡಲು ಚೆನ್ನ, ನಡಿಗೆ ಕಡಿಮೆ. ಕೊನೆಗೆ ನಿಂತದ್ದು ನಂದಿ. ನಂದಿ ಗ್ರಾಮದಲ್ಲಿ ಭೋಗನಂದೀಶ್ವರನಿಗೆ ಕೈಮುಗಿದು, ಸುಲ್ತಾನಪೇಟೆಯ ಕಡೆಯಿಂದ 1,175 ಮೆಟ್ಟಿಲು ಹತ್ತಿ, 1,478 ಮೀಟರ್ ಎತ್ತರದ ಬೆಟ್ಟದ ಮೇಲೆ ಸರ್ಕಾರಿ ವಸತಿಗೃಹದಲ್ಲಿ ರಾತ್ರಿ ಕಳೆದು, ಮರುದಿನ ಇಳಿಯುವುದು. ಕಾಲು ಸೋತರೆ ವಾಹನದ ರಸ್ತೆಯಿದೆ. ಹಿಂದಿರುಗುವ ದಾರಿಯೊಂದು ಇದೆ ಎನ್ನುವುದೇ ಹೊಸಬರಿಗೆ ಅರ್ಧ ಧೈರ್ಯ.

ಅಂಗಡಿಯ ತಕ್ಕಡಿಯಲ್ಲಿ ಚೀಲಗಳನ್ನೂ ತೂಗಿಸಿದೆವು. ನಾದಿನಿಯದು ಒಂಬತ್ತು ಕಿಲೋ! ಉಪ್ಪಿನಕಾಯಿ ಭರಣಿ, ಹೆಚ್ಚಿನ ಸೀರೆ, ದಪ್ಪ ಜಮಖಾನ ಹೊರಗೆ ಬಂದವು. ಎರಡು ಲೀಟರ್ ನೀರು, ಚಪಾತಿ, ಚಟ್ನಿಪುಡಿ, ಸ್ವೆಟರ್, ಟಾರ್ಚು ಉಳಿದವು. ಕೋತಿಗಳ ಕಣ್ಣಿಗೆ ಬೀಳದಂತೆ ತಿಂಡಿ ಚೀಲದ ತಳಕ್ಕೆ ಹೋಯಿತು.

ಹೊರಡಲು ಎರಡು ದಿನವಿದ್ದಾಗ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, ‘ನಾಲ್ಕನೇ ಜ್ವರ ಎದ್ದೈತಮ್ಮ. ಹುಳ ಬಿಟ್ಟು ಎಲ್ಲಿಗೆ ಬರ್ಲಿ? ನೀವು ಹೋಗ್ಬನ್ನಿ’ ಎಂದಳು.

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಏಳೆಂಟು ದಿನ ಹುಳುವಿನ ಹಸಿವಿಗೆ ಕೊನೆಯಿಲ್ಲ. ಅದು ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಐದಕ್ಕೆ ನಾಲ್ಕು ಪಾಲು ಆಗಲೇ ಮುಗಿಯುತ್ತದೆ. ಬೆಟ್ಟದ ಎತ್ತರ, ಚೀಲದ ತೂಕ, ಬಸ್ಸಿನ ವೇಳೆ ಎಲ್ಲವನ್ನೂ ಲೆಕ್ಕ ಹಾಕಿದ್ದ ನಾನು, ಗೋಡೆಯಾಚೆಯೇ ಇದ್ದ ಆ ಹುಳುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

‘ಅವಳೇ ಹೇಳಿದಳಲ್ಲ, ನಾವಿಬ್ಬರೇ ಹೋಗೋಣ ಅತ್ತಿಗೆ’ ಎಂದಳು ನಾದಿನಿ. ಸುಳ್ಳೇಕೆ, ನನ್ನ ಮನಸ್ಸೂ ಅತ್ತಲೇ ವಾಲಿತು. ಒಬ್ಬಳಿಗೆ ಆಗದಿದ್ದರೆ ಇಬ್ಬರು ಏಕೆ ಕೂರಬೇಕು? ನ್ಯಾಯವಾದ ಪ್ರಶ್ನೆಯೇ. ಆದರೆ ‘ನೀವು ಹೋಗ್ಬನ್ನಿ’ ಎಂಬ ಮಾತನ್ನು ನಾನೂ ಎಷ್ಟು ಸಲ ಆಡಿಲ್ಲ? ತವರಿನ ಮದುವೆಗೆ, ನೆಂಟರ ಜಾತ್ರೆಗೆ, ಮಕ್ಕಳ ಪರೀಕ್ಷೆಯೆಂದೋ ಅತ್ತೆಯವರ ಕಾಯಿಲೆಯೆಂದೋ ಬಾಗಿಲಲ್ಲಿ ನಿಂತು ಆಡಿದ್ದೇನೆ. ಒಂದು ವಾರ ತಡೆದು ಹೋಗೋಣವೆಂದು ಯಾರಾದರೂ ಅಂದಾರೇನೋ ಎಂದು ಒಳಗೊಳಗೇ ಕಾದದ್ದೂ ಉಂಟು. ಯಾರೂ ಅನ್ನಲಿಲ್ಲ. ಅವರು ಕೆಟ್ಟವರಲ್ಲ. ಹೋಗಿಬನ್ನಿ ಎಂದದ್ದನ್ನು ನಂಬಿದರು, ಅಷ್ಟೆ.

ಸುಲಭವೆನ್ನುವುದು ಬೆಟ್ಟದ ಗುಣವಲ್ಲ. ಜೊತೆಗೆ ಹೊರಟವರಲ್ಲಿ ಎಲ್ಲರಿಗಿಂತ ಕಡಿಮೆ ಬಿಡುವು ಯಾರಿಗೋ, ಅವರಿಗೂ ಸಾಧ್ಯವಾದರೆ ಮಾತ್ರ ಅದು ಸುಲಭ. ಆಸೆ ಪಟ್ಟದ್ದು ಮೂವರು; ದಿನ ಗೊತ್ತುಮಾಡಿದ್ದು ಮಾತ್ರ ನಾನೊಬ್ಬಳೇ.

ಹುಳು ಹಣ್ಣಾಗಿ, ಚಂದ್ರಿಕೆಗೆ ಏರಿ, ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋದ ಮೇಲಿನ ಶನಿವಾರ ಹೊರಟೆವು. ಮೆಟ್ಟಿಲ ಮೇಲೆ ಏದುಸಿರು ಬಿಟ್ಟವಳು ನಾನು. ಸೊಪ್ಪಿನ ಹೊರೆ ಹೊತ್ತು ಪಳಗಿದ ಆಕೆ ಸರಸರನೆ ಮುಂದೆ ಹತ್ತುತ್ತಿದ್ದಳು. ಆದರೆ ಐವತ್ತು ಮೆಟ್ಟಿಲಿಗೊಮ್ಮೆ ನಿಂತು, ತಿರುಗಿ ನೋಡಿ, ‘ನಿಧಾನಕ್ಕೆ ಬಾಮ್ಮ, ಬೆಟ್ಟ ಎಲ್ಲೂ ಹೋಗಲ್ಲ’ ಎನ್ನುತ್ತಿದ್ದಳು.