ರುಚಿಯೂ ನ್ಯಾಯವೂ

ಬಳ್ಳಾರಿಯು ಆಂಗ್ಲರ ದಂಡಿನ ಊರಾಗಿದ್ದ ಕಾಲದಲ್ಲಿ, ಭಾರತದಲ್ಲಿದ್ದ ಅವರಿಗಾಗಿ ಇಂಗ್ಲೆಂಡಿನ ಬರ್ಟನ್ ಪಟ್ಟಣದಿಂದ ‘ಪೇಲ್ ಏಲ್’ ಎಂಬ ತಿಳಿಬಣ್ಣದ ಬಿಯರು 1820ರ ದಶಕದಿಂದ ಹಡಗುಗಳಲ್ಲಿ ಬರುತ್ತಿತ್ತು. ಇಂದು ಬೆಂಗಳೂರಿನ ಸಣ್ಣ ತಯಾರಕರೇ ಅದನ್ನು ಮಾಡುತ್ತಾರೆ. ನಮ್ಮ ನಾಡಿನದೆಂದು ಅದನ್ನು ಹೊಗಳಬೇಕೆ? ಕಹಿಯೆಂದು ತೆಗಳಬೇಕೆ? ಮದ್ಯವೆಂದು ಅದರ ಗುಣವಿಚಾರವನ್ನೇ ಬಿಡಬೇಕೆ?

ಕಹಿಯು ಅದರ ದೋಷವಲ್ಲ. ಹಾಪ್ ಎಂಬ ಬಳ್ಳಿಯ ಹೂವಿನಿಂದ ಬಂದ ಸ್ವಧರ್ಮ. ಕುರುಗೋಡು ಸೀಮೆಯ ಮೆಣಸಿನಕಾಯಿಯನ್ನು ಸಿಹಿಯಿಲ್ಲವೆಂದು ಜರೆಯುವವರುಂಟೆ? ಆ ಕಹಿಯು ಮೊಳಕೆ ಬರಿಸಿದ ಜವೆಗೋದಿಯ ಸವಿಯೊಡನೆ ಹೊಂದಿದೆಯೆ, ಗುಟುಕಿನ ಬಳಿಕ ನಾಲಗೆಯಲ್ಲಿ ಒರಟಾಗಿ ಉಳಿಯುವುದೆ ಎಂಬುದೇ ಪರೀಕ್ಷೆ. ಸಿರುಗುಪ್ಪದಲ್ಲಿ ಬತ್ತ ಕೊಳ್ಳುವವನು ಕಾಳನ್ನು ಅಂಗೈಯಲ್ಲಿ ಉಜ್ಜಿ, ಹಲ್ಲಿನಲ್ಲಿ ಕಡಿದು ಬೆಲೆಕಟ್ಟುವನೇ ಹೊರತು ಬೆಳೆದವನ ಕುಲವನ್ನು ಕೇಳಿಯಲ್ಲ. ಬಿಯರಿನ ನುರಿತ ಪರೀಕ್ಷಕರು ಹೆಸರನ್ನು ಮರೆಮಾಡಿ, ಲೋಟಗಳಿಗೆ ಬರಿಯ ಅಂಕಿಯನ್ನು ಕೊಡುವುದೂ ಇದಕ್ಕಾಗಿಯೇ. ನಾಡಿನ ಅಭಿಮಾನವು ನಾಲಗೆಯ ಸಾಕ್ಷ್ಯವನ್ನು ಕೆಡಿಸಬಲ್ಲುದು.

ಆದರೆ ಚೆನ್ನಾಗಿ ಮಾಡಿದೆ ಎಂಬುದು ಒಂದು ಮಾತು. ನನಗೆ ರುಚಿಸಿತು ಎಂಬುದು ಇನ್ನೊಂದು. ಕುಡಿಯುವುದು ಹಿತ ಎಂಬುದು ಮೂರನೆಯದು. ಕುಡಿತದಿಂದ ನೊಂದ ಮನೆಯ ಕಣ್ಣೀರಿಗೆ ಮೊದಲೆರಡು ಮಾತುಗಳು ಉತ್ತರವಾಗಲಾರವು. ಹಾಗೆಯೇ, ಅದನ್ನು ಮಾಡಿದವನಿಗೆ ಕೈಚಳಕವಿರಲಿಲ್ಲವೆಂದು ಆ ಕಣ್ಣೀರೂ ಸಾಧಿಸಲಾರದು. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ನಮ್ಮ ಹಿರಿಯರು ವಿಂಗಡಿಸಿದುದು ಒಂದರ ತಕ್ಕಡಿಯಲ್ಲಿ ಇನ್ನೊಂದನ್ನು ತೂಗಬಾರದೆಂದಲ್ಲವೆ? ಕುಡಿಯೆನೆಂದು ನಿಶ್ಚಯಿಸಿದವನಿಗೆ ಆ ನಿಶ್ಚಯವೇ ಸಾಕು. ಅದಕ್ಕೆ ಸುಳ್ಳು ತೆಗಳಿಕೆಯ ಊರುಗೋಲು ಬೇಡ.