ಅಗಲಿದವರ ಪ್ರತಿಬಿಂಬ, ಬದುಕಿರುವವರ ಹಕ್ಕು



ಕಳೆದ ಶಅಬಾನ್ ತಿಂಗಳ ಒಂದು ಬೆಳಿಗ್ಗೆ ಮದ್ರಸ ಬಿಟ್ಟ ಬಳಿಕ ನಮ್ಮ ಜಮಾಅತಿನ ತಾಯಿಯೊಬ್ಬರು ತಮ್ಮ ಕಿರಿಯ ಮಗನನ್ನು ಕರೆದುಕೊಂಡು ಬಂದು ಜಗಲಿಯಲ್ಲಿ ಕುಳಿತರು. ಅವರ ಹಿರಿಯ ಮಗ ಎರಡು ವರ್ಷಗಳ ಹಿಂದೆ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದ. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಇದೇ ಮದ್ರಸದಲ್ಲಿ ನನ್ನೆದುರು ಕುಳಿತು ಓದಿದ ಹುಡುಗ.

"ಉಸ್ತಾದರೇ, ಒಂದು ಮಾತು ಕೇಳಲಿಕ್ಕಿತ್ತು" ಎಂದು ಆ ತಾಯಿ ಆರಂಭಿಸಿದರು. ಅವರ ತಂಗಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿದ್ದಾನೆ. ತೀರಿಕೊಂಡವನ ಫೋಟೋ, ವೀಡಿಯೊ ಹಾಗೂ ಮೊಬೈಲಿನಲ್ಲಿರುವ ಧ್ವನಿ ಸಂದೇಶಗಳನ್ನು ಕೊಟ್ಟರೆ ಅವನನ್ನು ಎದುರಿಗೆ ತಂದು ನಿಲ್ಲಿಸುತ್ತೇನೆ ಎಂದು ಆತ ಹೇಳಿದ್ದಾನಂತೆ. ಪೆಟ್ಟಿಗೆಯಂತಹ ಒಂದು ಕನ್ನಡಕವನ್ನು ಕಣ್ಣಿಗೆ ಹಾಕಿಕೊಂಡರೆ ಮಗ ನಡೆದು ಬರುತ್ತಾನೆ, 'ಉಮ್ಮಾ' ಎಂದು ಕರೆಯುತ್ತಾನೆ, ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತಾನೆ.

"ಹರಾಮೋ ಹಲಾಲೋ ಎಂದು ವಾದ ಮಾಡಲಿಕ್ಕೆ ಬಂದದ್ದಲ್ಲ. ಒಮ್ಮೆ ಅವನನ್ನು ನೋಡಬೇಕು ಎಂದು ಮನಸ್ಸು ಹೇಳುತ್ತದೆ. ಅದು ತಪ್ಪಾ ಉಸ್ತಾದರೇ?"

ನಾನು ಮುಫ್ತಿಯಲ್ಲ, ಮಕ್ಕಳಿಗೆ ಓದು ಹೇಳಿಕೊಡುವವನು. ಜೀವಿಗಳ ಚಿತ್ರ ರಚನೆಯ ಕುರಿತು ಫಿಕ್‌ಹ್ ಗ್ರಂಥಗಳಲ್ಲಿ ದೀರ್ಘವಾದ ಚರ್ಚೆಯಿದೆ. ಅದನ್ನು ವಿದ್ವಾಂಸರಿಗೇ ಬಿಡುತ್ತೇನೆ. ಆ ತಾಯಿ ಕೇಳಿದ್ದು ಅದನ್ನಲ್ಲ. ಏನು ಹೇಳಬೇಕೆಂದು ತೋಚದೆ ಒಂದು ವಾರದ ಸಮಯ ಕೇಳಿದೆ. ಆ ವಾರ ನಾನು ಓದಿದ್ದು, ಯೋಚಿಸಿದ್ದು ಮತ್ತು ಕೊನೆಗೆ ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂತಹದೊಂದು ಭೇಟಿ ಈಗಾಗಲೇ ಜಗತ್ತಿನ ಮುಂದೆ ನಡೆದಿದೆ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಎಂಬಿಸಿ ದೂರದರ್ಶನವು ಒಂದು ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು. 2016ರಲ್ಲಿ ಕಾಯಿಲೆಯಿಂದ ಮಡಿದ ಏಳು ವರ್ಷದ ಬಾಲಕಿಯೊಬ್ಬಳ ರೂಪವನ್ನು ತಂತ್ರಜ್ಞರು ಹಳೆಯ ಫೋಟೋ, ವೀಡಿಯೊಗಳ ನೆರವಿನಿಂದ ತಿಂಗಳುಗಟ್ಟಲೆ ಶ್ರಮಿಸಿ ಕಂಪ್ಯೂಟರಿನಲ್ಲಿ ನಿರ್ಮಿಸಿದ್ದರು. ಚಲನವಲನಕ್ಕಾಗಿ ಬೇರೊಂದು ಮಗುವಿನ ಅಭಿನಯವನ್ನು ಬಳಸಿಕೊಂಡರು. ತಾಯಿಯ ಕಣ್ಣಿಗೆ ಆ ಯಂತ್ರ, ಕೈಗಳಿಗೆ ವಿಶೇಷ ಗವಸು. ಹಸಿರು ಪರದೆಯ ಬರಿದಾದ ಕೋಣೆಯಲ್ಲಿ ನಿಂತು ಆಕೆ ಗಾಳಿಯಲ್ಲಿ ಕೈಚಾಚಿ ಮಗಳ ಕೆನ್ನೆಯನ್ನು ಹುಡುಕುವುದನ್ನು ಆಕೆಯ ಗಂಡ ಮತ್ತು ಉಳಿದ ಮಕ್ಕಳು ದೂರದಲ್ಲಿ ಕುಳಿತು ನೋಡಿ ಅಳುತ್ತಿದ್ದರು. ತಾನು ಬಹುಕಾಲದಿಂದ ಕಾಣಬಯಸಿದ್ದ ಕನಸನ್ನು ಕಂಡಂತಾಯಿತು ಎಂದು ಆ ತಾಯಿ ಬಳಿಕ ಹೇಳಿಕೊಂಡರು.

ಅದನ್ನು ನೋಡಿ ನಗುವವನ ಎದೆಯಲ್ಲಿ ಹೃದಯವಿಲ್ಲ. ಈ ಯಂತ್ರವು ಎರಡು ಕಣ್ಣುಗಳಿಗೆ ತುಸು ಭಿನ್ನವಾದ ಎರಡು ಚಿತ್ರಗಳನ್ನು ತೋರಿಸುತ್ತದೆ. ತಲೆ ಹೊರಳಿಸಿದಂತೆ ದೃಶ್ಯವನ್ನೂ ಹೊರಳಿಸುತ್ತದೆ. ಆಗ ಇದು ಚಿತ್ರವೆಂದು ಬುದ್ಧಿಗೆ ಗೊತ್ತಿದ್ದರೂ ದೇಹವು ನಂಬಿಬಿಡುತ್ತದೆ. ಹೃದಯವು ಮೋಸಹೋಗಲು ಇಷ್ಟೆಲ್ಲ ಸಲಕರಣೆಯೂ ಬೇಕಾಗಿಲ್ಲ. 1966ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಜೋಸೆಫ್ ವೈಝನ್‌ಬಾಮ್ ಎಂಬ ಪ್ರಾಧ್ಯಾಪಕರು 'ಎಲೈಝಾ' ಎಂಬ ಪ್ರೋಗ್ರಾಮೊಂದನ್ನು ಪ್ರಕಟಿಸಿದರು. ನಾವು ಟೈಪ್ ಮಾಡಿದ ಮಾತನ್ನೇ ಅದು ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು, ಅಷ್ಟೇ. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಂದಿಗೆ ಸ್ವಲ್ಪ ಹೊತ್ತು ಮಾತನಾಡಿದ ಮೇಲೆ, ತಾವು ದಯಮಾಡಿ ಕೋಣೆಯಿಂದ ಹೊರಗೆ ಹೋಗಿ ಎಂದು ಅವರನ್ನೇ ಕೇಳಿಕೊಂಡಳಂತೆ!

ಹೃದಯದ ಈ ಸ್ವಭಾವವನ್ನು ಇಸ್ಲಾಮ್ ಅವಹೇಳನ ಮಾಡುವುದಿಲ್ಲ. ಪ್ರವಾದಿ(ಸ)ಯವರು ಒರಗಿ ನಿಂತು ಪ್ರವಚನ ನೀಡುತ್ತಿದ್ದ ಖರ್ಜೂರದ ಕಾಂಡವು, ಹೊಸ ಮಿಂಬರ್ ಬಂದಾಗ ವಿರಹದಿಂದ ನರಳಿದ ಘಟನೆ ನಿಮಗೆ ತಿಳಿದದ್ದೇ. ಪ್ರವಾದಿವರ್ಯರು ಮಿಂಬರಿನಿಂದ ಇಳಿದು ಬಂದು ಆ ಕಾಂಡವನ್ನು ಅಪ್ಪಿಕೊಂಡು ಸಂತೈಸಿದರು. ಹ. ಆಯಿಶಾ(ರ)ರ ಆಟಿಕೆಗಳ ನಡುವೆ ಬಟ್ಟೆಯ ರೆಕ್ಕೆಗಳಿರುವ ಕುದುರೆಯನ್ನು ಕಂಡು ಅವರು ಗದರಲಿಲ್ಲ, ಮನಸಾರೆ ನಕ್ಕರು. ಮಗ ಇಬ್ರಾಹೀಮ್ ತಮ್ಮ ಕೈಯಲ್ಲೇ ಕೊನೆಯುಸಿರೆಳೆದಾಗ ಅವರ ಕಣ್ಣುಗಳು ಹರಿದವು. ತಾವೂ ಅಳುತ್ತೀರಾ ಎಂದು ಅಚ್ಚರಿಪಟ್ಟ ಸಹಾಬಿಗೆ, ಇದು ಕರುಣೆ ಎಂದು ತಿಳಿಸಿದರು. ಆದುದರಿಂದ 'ಸಬ್ರ್ ಮಾಡಿ, ಅವನನ್ನು ಮರೆತುಬಿಡಿ' ಎಂದು ಆ ತಾಯಿಗೆ ಹೇಳುವ ಅಧಿಕಾರ ನನಗಿರಲಿಲ್ಲ. ಸಬ್ರ್ ಎಂದರೆ ಮರೆವು ಎಂದು ಯಾವ ಕಿತಾಬಿನಲ್ಲೂ ನಾನು ಓದಿಲ್ಲ.

ಹಾಗಾದರೆ ತೊಡಕು ಎಲ್ಲಿದೆ?

ಇಲ್ಲಿ ನನ್ನ ಬಾಲ್ಯದ ಒಂದು ವಿಷಯವನ್ನು ಹೇಳಬೇಕು. ನನ್ನ ತಂದೆಯವರು ದಮ್ಮಾಮಿನಲ್ಲಿ ದುಡಿಯುತ್ತಿದ್ದರು, ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಮನೆಯಲ್ಲಿ ಫೋನ್ ಇರಲಿಲ್ಲ. ರಜೆಯಲ್ಲಿ ಬರುವ ಗೆಳೆಯರ ಕೈಯಲ್ಲಿ ಕ್ಯಾಸೆಟ್ ಕಳುಹಿಸುತ್ತಿದ್ದರು. ಅದರಲ್ಲಿ ನಮ್ಮೆಲ್ಲರ ಹೆಸರು ಕರೆದು ಮಾತನಾಡುತ್ತಿದ್ದರು. ನನ್ನ ತಮ್ಮ ಪ್ರತಿ ರಾತ್ರಿ ಟೇಪ್ ರೆಕಾರ್ಡರಿಗೆ ಮುತ್ತು ಕೊಟ್ಟೇ ಮಲಗುತ್ತಿದ್ದ. ಒಮ್ಮೆ ತಂದೆ ನಿಜವಾಗಿಯೇ ಬಂದರು. ತಮ್ಮ ಕದದ ಹಿಂದೆ ಅಡಗಿದವನು ಮೂರು ದಿನ ಅವರ ಹತ್ತಿರ ಸುಳಿಯಲಿಲ್ಲ! ಟೇಪಿನ ತಂದೆ ಕೆಮ್ಮುತ್ತಿರಲಿಲ್ಲ, ಬೆವರಿನ ವಾಸನೆಯಿರಲಿಲ್ಲ, ಪಾಠ ಒಪ್ಪಿಸು ಎಂದು ಗದರುತ್ತಿರಲಿಲ್ಲ. ಬೇಡವೆನಿಸಿದಾಗ ಗುಂಡಿ ಒತ್ತಿದರೆ ಸುಮ್ಮನಾಗುತ್ತಿದ್ದರು. ಆದರೂ ಆ ಟೇಪಿನ ಇನ್ನೊಂದು ತುದಿಯಲ್ಲಿ ಓರ್ವ ಮನುಷ್ಯನಿದ್ದ, ನಮ್ಮ ಉತ್ತರದ ಕ್ಯಾಸೆಟ್ಟಿಗಾಗಿ ಕಾಯುತ್ತಿದ್ದ ಮನುಷ್ಯ. ಇಂದು ಜಿದ್ದಾದಿಂದ, ದುಬೈಯಿಂದ ವೀಡಿಯೊ ಕರೆಯಲ್ಲಿ ಮಗುವಿನ ಮುಖ ನೋಡುವ ತಂದೆಯಂದಿರದೂ ಇದೇ ಸ್ಥಿತಿ. ಯಂತ್ರವು ಇಬ್ಬರನ್ನು ಹತ್ತಿರ ತರುವ ದೋಣಿಯಾದರೆ ಅದು ಅಲ್ಲಾಹನ ಅನುಗ್ರಹ. ಆಚೆಯ ದಡವೇ ಇಲ್ಲದಿದ್ದರೆ? ತೊಡಕು ಅಲ್ಲಿದೆ.

ಇಸ್ಲಾಮಿನಲ್ಲಿ ಸಂಬಂಧವೆಂದರೆ ಕೇವಲ ಭಾವನೆಯಲ್ಲ, ಅದು ಹಕ್ಕು. ತಂದೆತಾಯಿಗೆ ನಮ್ಮ ಮೇಲೆ ಹಕ್ಕಿದೆ. ಪತ್ನಿಗೆ, ನೆರೆಯವನಿಗೆ, ದಾರಿಹೋಕನಿಗೆ ಸಹ ಹಕ್ಕಿದೆ. ಓರ್ವ ಮುಸ್ಲಿಮನಿಗೆ ಇನ್ನೋರ್ವ ಮುಸ್ಲಿಮನ ಮೇಲಿರುವ ಐದು ಹಕ್ಕುಗಳನ್ನು ಪ್ರವಾದಿ(ಸ) ಎಣಿಸಿದ್ದನ್ನು ನಮ್ಮ ಮದ್ರಸದ ಮಕ್ಕಳು ಬಾಯಿಪಾಠ ಹೇಳುತ್ತಾರೆ: ಸಲಾಮಿಗೆ ಉತ್ತರ, ರೋಗಿಯ ಭೇಟಿ, ಜನಾಝಾದ ಹಿಂದೆ ನಡೆಯುವುದು, ಆಮಂತ್ರಣಕ್ಕೆ ಓಗೊಡುವುದು, ಸೀನಿದವನಿಗೆ ಪ್ರಾರ್ಥಿಸುವುದು. ಈ ಐದನ್ನು ಒಮ್ಮೆ ಆ ಕನ್ನಡಕದೊಳಗಿನ ಆಕೃತಿಗೆ ಅನ್ವಯಿಸಿ ನೋಡಿ. ಅದು ರೋಗಿಯಾಗುವುದಿಲ್ಲ, ನಡುರಾತ್ರಿ ಕರೆದು ಎಬ್ಬಿಸುವುದಿಲ್ಲ, ಸೀನುವುದೂ ಇಲ್ಲ! ಅದು ನಮ್ಮಿಂದ ಏನನ್ನೂ ಬೇಡುವುದಿಲ್ಲ. ಅದರ ಆಕರ್ಷಣೆ ಅದೇ, ಅದರ ಬಡತನವೂ ಅದೇ. ದಿನವಿಡೀ ಬೇಡದವರೊಂದಿಗೆ ಕುಳಿತವನಿಗೆ ಸಂಜೆ ಮನೆಯಲ್ಲಿ ಔಷಧಿ ಕೇಳುವ ತಾಯಿಯ ದನಿ ಉಪದ್ರವವೆನಿಸತೊಡಗುತ್ತದೆ.

ಬೇಡುವುದಿಲ್ಲ ಎಂದೆ. ಒಂದನ್ನು ಬೇಡುತ್ತದೆ: ಹಣ. ಅದೂ ಆಕೃತಿಯಲ್ಲ, ಅದರ ಒಡೆಯ. ಯುಜೀನಿಯಾ ಕುಯ್ಡಾ ಎಂಬ ಮಹಿಳೆ 2015ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡ ತನ್ನ ಗೆಳೆಯನ ಹಳೆಯ ಸಂದೇಶಗಳನ್ನು ಕಂಪ್ಯೂಟರಿಗೆ ಉಣಿಸಿ, 2016ರಲ್ಲಿ ಅವನಂತೆಯೇ ಉತ್ತರಿಸುವ ಪ್ರೋಗ್ರಾಮನ್ನು ಮಾಡಿದಳು. ಅದರಲ್ಲಿ ದುಃಖವಿತ್ತು, ವ್ಯಾಪಾರವಿರಲಿಲ್ಲ. ಮರುವರ್ಷ ಆಕೆಯ ಕಂಪೆನಿ 'ರೆಪ್ಲಿಕಾ' ಎಂಬ ಕೃತಕ ಸಂಗಾತಿಯನ್ನು ಮಾರುಕಟ್ಟೆಗೆ ತಂದಿತು. 2023ರ ಫೆಬ್ರವರಿಯಲ್ಲಿ ಕಂಪೆನಿಯು ಅದರ ಸಲಿಗೆಯ ಮಾತಿನ ಧಾಟಿಯನ್ನು ಒಮ್ಮೆಲೇ ಬದಲಾಯಿಸಿದಾಗ, ಅದಕ್ಕೆ ಮನಸ್ಸು ಕೊಟ್ಟಿದ್ದ ಅನೇಕರು ಮನೆಯಲ್ಲೊಂದು ಸಾವು ಸಂಭವಿಸಿದಂತೆ ಕಂಗೆಟ್ಟರು. ನಮ್ಮ ಪ್ರಿಯರ ಮುಖ ಮತ್ತು ಧ್ವನಿಯ ಕೀಲಿಯನ್ನು ಎಲ್ಲೋ ಕುಳಿತ ವ್ಯಾಪಾರಿಯ ಕೈಗೆ ಕೊಟ್ಟರೆ ಅವರನ್ನು ಎರಡನೇ ಬಾರಿ ಕಳೆದುಕೊಳ್ಳುವ ದಿನವನ್ನು ಅವನೇ ನಿರ್ಧರಿಸುತ್ತಾನೆ.

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. 2021ರ ಡಿಸೆಂಬರಿನಲ್ಲಿ ಮಕ್ಕಾದ ಹರಮ್ ಆಡಳಿತವೇ ಹಜರುಲ್ ಅಸ್ವದನ್ನು ಇಂತಹ ಯಂತ್ರದ ಮೂಲಕ ಹತ್ತಿರದಿಂದ ತೋರಿಸುವ ಯೋಜನೆಯನ್ನು ಆರಂಭಿಸಿತು. ಮಂಚ ಹಿಡಿದ ವೃದ್ಧರೊಬ್ಬರು ಅದನ್ನು ನೋಡಿ ಕಣ್ಣು ತುಂಬಿಕೊಂಡರೆ ಅದರಲ್ಲಿ ಆಕ್ಷೇಪಿಸುವುದಕ್ಕೆ ನನಗೇನೂ ಕಾಣುವುದಿಲ್ಲ. ಹಜ್ಜಿಗೆ ಹೊರಟವರಿಗೆ ಕರ್ಮಗಳನ್ನು ಕಲಿಸಲಿಕ್ಕೂ ಒಳ್ಳೆಯದು. ಆದರೆ ಅದು ಹಜ್ಜ್ ಆಗುವುದಿಲ್ಲ, ಕಾಲುಗಳು ನೆಲದ ಮೇಲೆ ನಡೆಯಬೇಕು ಎಂದು ತುರ್ಕಿಯ ಧಾರ್ಮಿಕ ಇಲಾಖೆ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿತು.

ತೀರಿಕೊಂಡವರ ವಿಷಯದಲ್ಲಿ ಇನ್ನೂ ಒಂದು ಗಂಭೀರವಾದ ಮಾತಿದೆ. ಆ ಆಕೃತಿಯು ತಾಯಿಯೊಡನೆ 'ನಾನು ಇಲ್ಲಿ ಸುಖವಾಗಿದ್ದೇನೆ' ಎಂದು ಹೇಳಿತೆಂದುಕೊಳ್ಳಿ. ಯಾರು ಹೇಳಿದ್ದು? ಬರ್ಝಖಿನ ಸ್ಥಿತಿಯು ಅಲ್ಲಾಹನಿಗೆ ಮಾತ್ರ ತಿಳಿದಿರುವ ಗೈಬ್. ಸತ್ತವನ ಬಾಯಲ್ಲಿ ಅವನು ಆಡದ ಮಾತನ್ನು ಇಡುವುದು, ಅದು ಎಷ್ಟೇ ಸಿಹಿಯಾಗಿರಲಿ, ಸುಳ್ಳೇ. ತನ್ನ ಮೇಲೆ ಹೊರಿಸಿದ ಮಾತನ್ನು ಅಲ್ಲಗಳೆಯಲು ಅವನಿಗೆ ಬಾಯಿಯಿಲ್ಲ. ನೂಹ್(ಅ)ರ ಜನಾಂಗದ ವದ್ದ್, ಸುವಾಅ್, ಯಗೂಸ್, ಯಊಕ್, ನಸ್ರ್ ಎಂಬ ವಿಗ್ರಹಗಳು ಮೂಲತಃ ಸಜ್ಜನರ ಸ್ಮಾರಕಗಳಾಗಿದ್ದವು ಎಂಬ ಇಬ್ನು ಅಬ್ಬಾಸ್(ರ)ರ ವಿವರಣೆ ಬುಖಾರಿಯಲ್ಲಿದೆ. ಅವರು ತೀರಿಕೊಂಡಾಗ ಕುಳಿತುಕೊಳ್ಳುತ್ತಿದ್ದ ಜಾಗಗಳಲ್ಲಿ ನೆನಪಿಗಾಗಿ ನಿಲ್ಲಿಸಿದವು. ಮೊದಲ ತಲೆಮಾರು ಅವುಗಳನ್ನು ಪೂಜಿಸಲಿಲ್ಲ. ಅರಿವು ಅಳಿದ ಮೇಲೆ ಬಂದವರು ಪೂಜಿಸಿದರು. ಮಗನನ್ನು ನೆನೆದು ಅಳುವ ತಾಯಿಯನ್ನು ಆ ಜನರಿಗೆ ಹೋಲಿಸುವ ಒರಟುತನ ನನ್ನಿಂದಾಗದು. ಆದರೆ ಪ್ರೀತಿಯಿಂದ ನಿಲ್ಲಿಸಿದ ಆಕೃತಿಯು ಕಾಲಾಂತರದಲ್ಲಿ ಏನಾಗಬಹುದೆಂದು ಕಂಡವರ ಎಚ್ಚರಿಕೆ ನಮ್ಮಲ್ಲಿದೆ.

ಕೊನೆಗೆ ನನಗೆ ದಾರಿ ತೋರಿದ್ದು ಹ. ಖದೀಜಾ(ರ)ರ ನೆನಪು. ಅವರು ತೀರಿಕೊಂಡು ವರ್ಷಗಳು ಕಳೆದಿದ್ದವು. ಒಂದು ದಿನ ಅವರ ಸಹೋದರಿ ಹಾಲಾ(ರ) ಬಾಗಿಲಲ್ಲಿ ನಿಂತು ಒಳಬರಲು ಅನುಮತಿ ಕೇಳಿದರು. ಖದೀಜಾರು ಅನುಮತಿ ಕೇಳುತ್ತಿದ್ದ ರೀತಿಯೇ ನೆನಪಾಗಿ ಪ್ರವಾದಿ(ಸ) ಕಲಕಿಹೋದರು. ಸತ್ತವರ ಧ್ವನಿ ಮತ್ತೆ ಕೇಳಿದಾಗ ಹೃದಯ ಜಿಗಿಯುವುದು ಎಂದರೆ ಏನೆಂದು ನಮ್ಮ ಪ್ರವಾದಿಯವರಿಗೆ ತಿಳಿದಿತ್ತು! ಆ ಪ್ರೀತಿಯನ್ನು ಅವರು ಎತ್ತ ಹರಿಸಿದರು? ಆಡನ್ನು ಕೊಯ್ದಾಗಲೆಲ್ಲ ಖದೀಜಾರ ಗೆಳತಿಯರನ್ನು ನೆನೆದು ಮಾಂಸ ಕಳುಹಿಸುತ್ತಿದ್ದರು. ಅಗಲಿದವರ ಮೇಲಿನ ಪ್ರೀತಿ ಬದುಕಿರುವವರ ಮನೆಬಾಗಿಲಿಗೆ ಹೋಗುತ್ತಿತ್ತು. ಆ ಕನ್ನಡಕದೊಳಗೆ ಅದು ಹೊರಟಲ್ಲಿಗೇ ಹಿಂದಿರುಗುತ್ತದೆ.

ವಾರ ಕಳೆದು ಆ ತಾಯಿ ಬಂದಾಗ ಇಷ್ಟನ್ನೂ ಸರಳವಾಗಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

"ಹಾಗಾದರೆ ಅವನು ಮೊಬೈಲಿಗೆ ಕಳಿಸಿದ ವಾಯ್ಸ್ ಇದೆಯಲ್ಲ, ಅದನ್ನೂ ಅಳಿಸಬೇಕಾ?"

"ಬೇಡ ಉಮ್ಮಾ. ಅದು ಅವನೇ ಆಡಿದ ಮಾತು. ಇಟ್ಟುಕೊಳ್ಳಿ, ಕೇಳಿ, ದುಆ ಮಾಡಿ. ಅವನಿಗಾಗಿ ಏನಾದರೂ ಮಾಡಬೇಕೆಂದಿದ್ದರೆ ಯಾರಿಗಾದರೂ ಅವನು ಬಾಕಿ ಇಟ್ಟಿದ್ದಾನೋ ನೋಡಿ." ಜನಾಝಾ ನಮಾಝಿನ ಮುನ್ನ ಪ್ರವಾದಿ(ಸ) ಮೃತನಿಗೆ ಸಾಲವಿದೆಯೇ ಎಂದು ವಿಚಾರಿಸುತ್ತಿದ್ದುದನ್ನೂ, ಓರ್ವ ಮೃತನ ಸಾಲವನ್ನು ಅಬೂ ಕತಾದಾ(ರ) ತಮ್ಮ ಮೇಲೆ ಹೊತ್ತುಕೊಂಡ ಬಳಿಕವೇ ನಮಾಝ್ ನಿರ್ವಹಿಸಿದ್ದನ್ನೂ ತಿಳಿಸಿದೆ.

ಮುಂದಿನ ತಿಂಗಳು ರಮಝಾನಿನಲ್ಲಿ ಅವರ ಕಿರಿಯ ಮಗ ಮಸೀದಿಯಲ್ಲಿ ಸಿಕ್ಕಿ ಹೇಳಿದ: ಆ ಧ್ವನಿ ಸಂದೇಶಗಳಲ್ಲೊಂದರಲ್ಲಿ ಅಣ್ಣ, "ಉಮ್ಮಾ, ಗ್ಯಾರೇಜಿನವರಿಗೆ ಸಾವಿರದ ಎಂಟುನೂರು ಕೊಡಲಿಕ್ಕುಂಟು, ಸಂಬಳ ಆದಾಗ ನೆನಪು ಮಾಡಿ" ಎಂದಿದ್ದ. ಎರಡು ವರ್ಷ ದಿನವೂ ಅದನ್ನೇ ಹಾಕಿ ಕೇಳುತ್ತಿದ್ದ ತಾಯಿಗೆ ಧ್ವನಿ ಕೇಳಿಸುತ್ತಿತ್ತು, ಮಾತು ಕೇಳಿಸಿರಲಿಲ್ಲ. ಮರುದಿನವೇ ಹಣ ಹಿಡಿದುಕೊಂಡು ಹೋದರಂತೆ. ಗ್ಯಾರೇಜಿನವರು ಲೆಕ್ಕದ ಪುಸ್ತಕ ತೆರೆದು ತೋರಿಸಿದರು. ಸಾವಿನ ಸುದ್ದಿ ಕೇಳಿದ ದಿನವೇ ಆ ಸಾಲಿಗೆ ಗೀಟು ಹೊಡೆದಿದ್ದರು. ತಾಯಿ ಒಪ್ಪದೆ ಹಣವನ್ನು ಮೇಜಿನ ಮೇಲಿಟ್ಟರು. ಅವರು ಕುರ್ಚಿ ಎಳೆದು ಕೂರಿಸಿ, ನಿಮ್ಮ ಮಗ ಇಲ್ಲಿಗೆ ಬಂದರೆ ನಮ್ಮ ಕೆಲಸದ ಹುಡುಗನಿಗೆ ಗಣಿತ ಹೇಳಿಕೊಡುತ್ತಿದ್ದ, ಆ ಹುಡುಗ ಈಗ ಐಟಿಐ ಸೇರಿದ್ದಾನೆ ಎಂದರಂತೆ. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ತಾಯಿ ಅಸರ್ ಬಾಂಗ್ ಆಗುವವರೆಗೂ ಅಲ್ಲಿಯೇ ಕುಳಿತು ಅವನ ಬಗ್ಗೆ ಒಂದೊಂದಾಗಿ ಕೇಳಿದರು.